ದುರ್ಗದ ತಿರುವುಗಳು: ಪೇಟೆ, ಬಾಗಿಲು, ಹೊಂಡ, ಬಯಲು

ಮೊದಲ ದಿನ: ಪೇಟೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ 60 ಕಿಲೋಮೀಟರ್ ಆಸುಪಾಸು. ಬಸ್ಸಿಳಿದವರೆಲ್ಲ ಆಟೋ ಹತ್ತಿ ನೇರ ಕೋಟೆಯ ಬಾಗಿಲಿಗೇ ಹೋಗುತ್ತಾರೆ. ಯುದ್ಧದ ಕಣ್ಣಲ್ಲಿ ಊರು ನೋಡುವವರು ಮೊದಲ ದಿನ ಬೆಟ್ಟ ಹತ್ತುವ ಆತುರ ಬಿಡಬೇಕು. ಕೋಟೆಯ ಏಳು ಸುತ್ತಿನಲ್ಲಿ ಮೂರು ಬಯಲಲ್ಲೇ ಊರನ್ನು ಬಳಸಿಕೊಂಡಿದ್ದವು, ನಾಲ್ಕು ಮಾತ್ರ ಬೆಟ್ಟದ ಮೇಲೆ ಎಂಬುದು ರೂಢಿಯ ಮಾತು. ಇಲ್ಲಿಗೆ ದಂಡೆತ್ತಿ ಬಂದವರಿಗೆ ಮೊದಲು ಎದುರಾದದ್ದು ಬಂಡೆಯಲ್ಲ, ಮನೆ, ಅಂಗಡಿ, ಓಣಿ.

ಬೇಕಾದ ಸಾಮಾನು ಕಡಿಮೆ: 30 ಮೀಟರಿನ ಟೇಪು, ಗುಂಡು ಕಟ್ಟಿದ ದಾರ, ಇಳಿಜಾರು ಅಳೆಯುವ ಆ್ಯಪ್ ಇರುವ ಮೊಬೈಲು, ಗೆರೆಯಿಲ್ಲದ ನೋಟ್‌ಬುಕ್ಕು. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಟಾಂಜನದ ಪಕ್ಕ ಹಿಡಿದರೆ ಹತ್ತಿಪ್ಪತ್ತು ಡಿಗ್ರಿ ತಪ್ಪು ಬರುವುದುಂಟು. ನಾಲ್ಕು ಹೆಜ್ಜೆ ದೂರ ಸರಿದು ಓದಬೇಕು. ದಾರ ಮತ್ತು ಗುಂಡು ಎಂದೂ ಸುಳ್ಳು ಹೇಳುವುದಿಲ್ಲ, ಗಾಳಿ ಬೀಸದಿದ್ದರೆ.

ಶುರು ಮಾಡಬೇಕಾದದ್ದು ರಂಗಯ್ಯನ ಬಾಗಿಲಿನಿಂದ. ಊರೊಳಗೇ ಉಳಿದ ಹೆಬ್ಬಾಗಿಲು, ಅದರಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯ. ಆಯುಧಗಳ ಮುಂದೆ ಎಲ್ಲರೂ ಫೋಟೋ ತೆಗೆಯುತ್ತಾರೆ. ಅದಕ್ಕಿಂತ ಮುಖ್ಯ ಬಾಗಿಲು ಮತ್ತು ಬೀದಿಯ ಸಂಬಂಧ. ಬಾಗಿಲ ಮೇಲೆ ನಿಂತವನ ಕಣ್ಣು ಬೀದಿಯುದ್ದಕ್ಕೆ ಎಷ್ಟು ದೂರ ಓಡುತ್ತದೆ, ಎಲ್ಲಿ ಮನೆಯ ಮೂಲೆಗೆ ಬಡಿದು ನಿಲ್ಲುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಆಮೇಲೆ ಸಂತೆ ಹೊಂಡ, ಉಚ್ಚಂಗಮ್ಮನ ಗುಡಿ, ಅಲ್ಲಿಂದ ಓಣಿಗಳು. ಹಳೆಯ ಪೇಟೆಯ ಓಣಿಯಲ್ಲಿ ನೇರ ನೋಟ ಸಿಗುವುದು ಮೂವತ್ತು ನಲವತ್ತು ಮೀಟರು, ಅಷ್ಟೇ. ಬಯಲಲ್ಲಿ ನಳಿಗೆ ಕೋವಿಗೆ ನೂರು ಮೀಟರಿನ ಆಚೆ ಗುರಿ ನೆಚ್ಚಲಾಗದು ಎನ್ನುವುದು ದೊಡ್ಡ ಕೊರತೆ. ಓಣಿಯೊಳಗೆ ಆ ಕೊರತೆಯೇ ಕಾಣುವುದಿಲ್ಲ. ಫಿರಂಗಿ ಇಟ್ಟುಕೊಂಡವನಿಗೆ ಇದು ತಿರುಗುಮುರುಗು: ದೂರದ ಹೊಡೆತ ಇದ್ದೂ ಉಪಯೋಗವಿಲ್ಲ.

ಪೇಟೆ ಕೈಬಿಟ್ಟರೆ ಕೋಟೆಗೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ನಾಡಿನದೇ ಉದಾಹರಣೆ 1791ರ ಬೆಂಗಳೂರು. ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸನ ಸೈನ್ಯ ಮಾರ್ಚ್ 7ರಂದು ಮೊದಲು ನುಗ್ಗಿದ್ದು ಪೇಟೆಗೆ. ಕಂದಕ, ಮುಳ್ಳುಬೇಲಿ, ಮಣ್ಣುಗೋಡೆ ದಾಟಿ ಬಾಗಿಲು ಒಡೆದರು. ಅದೇ ದಿನ ಟಿಪ್ಪುವಿನ ಪಡೆ ಪೇಟೆಯನ್ನು ಮರಳಿ ಹಿಡಿಯಲು ಬಂತು; ಬೀದಿಗಳಲ್ಲಿ ಕೈಗೆ ಕೈ ಕಾಳಗ ನಡೆದು ಹಿಂದೆ ಸರಿಯಬೇಕಾಯಿತು. ಪೇಟೆ ಸಿಕ್ಕಿದ ಮೇಲೆ ಕಂಪನಿಯವರಿಗೆ ಧಾನ್ಯ, ಮೇವು, ಅದಕ್ಕಿಂತ ಹೆಚ್ಚಾಗಿ ಮರೆ ಸಿಕ್ಕಿತು. ಎರಡು ವಾರದಲ್ಲಿ, ಮಾರ್ಚ್ 21ರ ರಾತ್ರಿ, ಕೋಟೆಯೂ ಬಿತ್ತು. ಕೋಟೆಯ ಬುಡಕ್ಕೆ ಅಂಟಿಕೊಂಡ ಪೇಟೆ ಒಳಗಿನವರಿಗೆ ಮೊದಲ ಗೋಡೆ. ಅದು ಹೋದ ಗಳಿಗೆಯಿಂದ ಹೊರಗಿನವರಿಗೆ ಸಿದ್ಧವಾದ ಮೋರ್ಚೆ, ಎಂದರೆ ಮರೆಯಲ್ಲಿ ನಿಂತು ಹೊಡೆಯುವ ನೆಲೆ. ದುರ್ಗದ ನಾಯಕರು ಪೇಟೆಯನ್ನೂ ಸುತ್ತುಗಳೊಳಗೇ ಸೇರಿಸಿಕೊಂಡದ್ದು ಸುಮ್ಮನೆ ಅಲ್ಲ.

ಓಣಿಯನ್ನು ಬಿಟ್ಟು ಮನೆಯೊಳಗಿಂದಲೇ ಮುಂದೆ ಹೋಗುವ ಉಪಾಯ ಇಪ್ಪತ್ತನೇ ಶತಮಾನದಲ್ಲಿ ಪಾಠವಾಗಿ ಬೆಳೆಯಿತು. 1943ರ ಡಿಸೆಂಬರ್ 20ರಿಂದ 28ರವರೆಗೆ ಇಟಲಿಯ ಓರ್ಟೋನಾದಲ್ಲಿ ಕೆನಡಾದ ಪದಾತಿಗಳಿಗೆ ಬೀದಿಗೆ ಕಾಲಿಡಲಾಗಲಿಲ್ಲ. ಜರ್ಮನ್ ಪ್ಯಾರಾಚೂಟ್ ಪಡೆ ಅಡ್ಡ ಬೀದಿಗಳನ್ನೆಲ್ಲ ಮನೆ ಕೆಡವಿದ ಕಲ್ಲುಮಣ್ಣಿನಿಂದ ಮುಚ್ಚಿ, ತೆರೆದಿಟ್ಟ ದಾರಿ ಮಾತ್ರ ತಮ್ಮ ಮೆಷಿನ್‌ಗನ್ನಿನ ಬಾಯಿಗೆ ಬರುವ ಹಾಗೆ ಮಾಡಿತ್ತು. ಕೆನಡಾದವರು ಸಾಲುಮನೆಗಳ ನಡುಗೋಡೆಗಳನ್ನೇ ಒಡೆದುಕೊಂಡು ಮನೆಯಿಂದ ಮನೆಗೆ ದಾಟಿದರು. ತೂತು ಹಾಕುತ್ತಿದ್ದದ್ದು ಮೇಲಂತಸ್ತಿನಲ್ಲಿ. ಏಕೆಂದರೆ ಮೆಟ್ಟಿಲು ಹತ್ತುವವನಿಗಿಂತ ಇಳಿಯುವವನಿಗೆ ಕೈಬಾಂಬು ಉರುಳಿಸುವುದು ಸುಲಭ, ಕೆಳಗಿನವನಿಗೆ ಬೀದಿಗೆ ಓಡದೆ ಬೇರೆ ದಾರಿಯಿಲ್ಲ. ದುರ್ಗದ ಹಳೆಯ ಮನೆಗಳ ದಪ್ಪ ಕಲ್ಲುಮಣ್ಣಿನ ಗೋಡೆ ಕಂಡಾಗ ಇದು ನೆನಪಿಗೆ ಬರಬೇಕು. ಕೋವಿಗುಂಡನ್ನು ನುಂಗುವ ಗೋಡೆ ಅದು. ಇಂದಿನ ಆರಿಂಚಿನ ಟೊಳ್ಳು ಬ್ಲಾಕಿನ ಗೋಡೆ ಕಣ್ಣಿಗೆ ಮರೆ ಕೊಡುತ್ತದೆಯೇ ಹೊರತು ರೈಫಲಿನ ಗುಂಡಿಗೆ ತಡೆಯಾಗುವುದಿಲ್ಲ.

ರಾತ್ರಿ ಓದಿಕೊಳ್ಳಬೇಕಾದದ್ದು ಒಂದೇ ಸಾಲು. ಕೌಟಿಲ್ಯನ ಅರ್ಥಶಾಸ್ತ್ರ ದುರ್ಗ ಹಿಡಿಯಲು ಐದು ಉಪಾಯ ಹೇಳುತ್ತದೆ: ಉಪಜಾಪ, ಎಂದರೆ ಒಳಗಿನವರನ್ನು ಒಡೆಯುವುದು, ಅಪಸರ್ಪ, ಗೂಢಚಾರರಿಂದ ಸಾಧಿಸುವುದು, ವಾಮನ, ಒಳಗಿರುವವನನ್ನು ಹೊರಗೆಳೆಯುವುದು, ಪರ್ಯುಪಾಸನ, ಸುತ್ತುಗಟ್ಟಿ ಕೂರುವುದು, ಅವಮರ್ದ, ಲಗ್ಗೆ ಹತ್ತಿ ಬಡಿಯುವುದು. ಲಗ್ಗೆ ಕೊನೆಗೆ ಬಂದಿದೆ. ಸಿನಿಮಾದವರು ಅದನ್ನು ಮೊದಲಿಗೆ ತಂದಿಟ್ಟಿದ್ದಾರೆ.

ಎರಡನೇ ದಿನ: ಬಾಗಿಲು

ಬೆಳಿಗ್ಗೆ ಬೇಗ ಹೊರಡಬೇಕು. ಹತ್ತು ಗಂಟೆಯ ಮೇಲೆ ಬಂಡೆ ಕಾಯುತ್ತದೆ, ಅಂಗಾಲಿಗೆ ಗೊತ್ತಾಗುತ್ತದೆ. ತಲೆಗೆ 2 ಲೀಟರ್ ನೀರು, ಹಿಡಿತವಿರುವ ಬೂಟು. ತಿಂಡಿಯ ಪೊಟ್ಟಣ ಕೈಯಲ್ಲಿ ಹಿಡಿದರೆ ಕೋತಿಗಳ ಪಾಲು.

19 ಹೆಬ್ಬಾಗಿಲು, 38 ದಿಡ್ಡಿ ಬಾಗಿಲು, 35 ಕಳ್ಳಗಂಡಿ ಎಂದು ದುರ್ಗದವರು ಹೇಳುವ ಲೆಕ್ಕ. ಇಷ್ಟನ್ನೂ ಒಂದು ದಿನದಲ್ಲಿ ಎಣಿಸಲು ಹೊರಟವನಿಗೆ ಒಂದೂ ಸರಿಯಾಗಿ ಕಾಣುವುದಿಲ್ಲ. ಮೊದಲ ಎರಡು ಮೂರು ಬಾಗಿಲುಗಳಿಗೆ ಅರ್ಧ ದಿನ ಕೊಟ್ಟರೆ ಉಳಿದವು ತಾವಾಗಿ ಅರ್ಥವಾಗುತ್ತವೆ.

ಬಾಗಿಲು ದೂರದಿಂದ ಕಾಣುವುದಿಲ್ಲ. ಎದುರಿಗೆ ಎತ್ತರದ ಗೋಡೆ ಮಾತ್ರ. ಹತ್ತಿರ ಹೋದ ಮೇಲೆ ದಾರಿ ಹೊರಳುತ್ತದೆ, ಮತ್ತೆ ಹೊರಳುತ್ತದೆ, ಆಗ ಬಾಗಿಲು. ಈ ತಿರುವಿಗೆ ಮೂರು ಕೆಲಸ. ಒಂದು, ದೂರದ ಫಿರಂಗಿಗೆ ಬಾಗಿಲಿನ ಹಲಗೆ ಸಿಗುವುದಿಲ್ಲ. ಎರಡು, ಆನೆಗಾಗಲಿ ದಿಮ್ಮಿ ಹೊತ್ತವರಿಗಾಗಲಿ ಓಡಿ ಬಂದು ಗುದ್ದಲು ಜಾಗವಿಲ್ಲ. ಟೇಪು ಹಿಡಿದು ತಿರುವಿನಿಂದ ಹೊಸ್ತಿಲಿಗೆ ಎಷ್ಟು ಎಂದು ಅಳೆಯಿರಿ. ಬೆಳೆದ ಆನೆಯ ಉದ್ದ 5–6 ಮೀಟರು ಎಂದು ಹಿಡಿದರೆ ಅದಕ್ಕೆ ಎಷ್ಟು ಹೆಜ್ಜೆ ಓಟ ಉಳಿಯಿತು ಎನ್ನುವುದು ತಿಳಿಯುತ್ತದೆ. ಮೂರನೆಯದು ಹೊರಳುವ ದಿಕ್ಕು. ಎಡಗೈಯಲ್ಲಿ ಗುರಾಣಿ ಹಿಡಿದವನು ಎಡಕ್ಕೆ ಹೊರಳಿದಾಗ ಬಲ ಮಗ್ಗುಲು ಗೋಡೆಯ ಮೇಲಿನವರಿಗೆ ಬಯಲು. ಪ್ರತಿ ತಿರುವಿನಲ್ಲೂ ಎಡವೋ ಬಲವೋ ಎಂದು ಬರೆದುಕೊಳ್ಳುತ್ತ ಹೋದರೆ ಕಟ್ಟಿದವರು ಎಲ್ಲಿ ಇದನ್ನು ಲೆಕ್ಕ ಹಾಕಿದರು, ಎಲ್ಲಿ ಬಂಡೆಯ ಮರ್ಜಿಗೆ ಬಿಟ್ಟರು ಎಂದು ಕಾಣುತ್ತದೆ.

ಕದಗಳು ಹೋಗಿವೆ. ಕದ ತಿರುಗುತ್ತಿದ್ದ ಗುಳಿ ಹೊಸ್ತಿಲಲ್ಲಿ, ಅದಕ್ಕೆ ನೇರ ಮೇಲೆ ಇನ್ನೊಂದು, ಒಳಗೋಡೆಯಲ್ಲಿ ಅಗುಳಿ ಸೇರುವ ತೂತು. ಅಗುಳಿಯ ತೂತಿನ ಎತ್ತರ ನೋಡಿದರೆ ಕದಕ್ಕೆ ಎಲ್ಲಿ ಗುದ್ದು ಬೀಳುತ್ತದೆಂದು ಭಾವಿಸಿದ್ದರು ಎಂಬುದು ಗೊತ್ತಾಗುತ್ತದೆ.

ಗೋಡೆಯ ತಲೆಯ ಮೇಲಿನ ತೆನೆಗಳಲ್ಲಿನ ಕೋವಿ ಕಂಡಿಗಳಿಗೆ ಕಣ್ಣಿಟ್ಟು ನೋಡಿ. ಕೆಲವು ನೇರ ದೂರಕ್ಕೆ, ಕೆಲವು ಇಳಿಜಾರಿಗೆ, ಕೆಲವು ಗೋಡೆಯ ಬುಡಕ್ಕೆ. ಹೊರಗಿನಿಂದ ಅಂಗೈಯಗಲದ ತೂತು, ಒಳಗೆ ಅಗಲ. ಎಲ್ಲ ಕಂಡಿಗೂ ಕುರುಡು ಜಾಗವಿದೆ: ಗೋಡೆಗೆ ಬೆನ್ನು ಹಚ್ಚಿ ನಿಂತವನು ಆ ಗೋಡೆಯಿಂದ ಕಾಣುವುದಿಲ್ಲ. ಅದಕ್ಕೇ ಕೊತ್ತಲಗಳು ಮುಂದಕ್ಕೆ ಚಾಚಿವೆ. ಒಂದರ ಬುಡವನ್ನು ಇನ್ನೊಂದು ಕಾಯುತ್ತದೆ. ಕೊತ್ತಲದಿಂದ ಕೊತ್ತಲಕ್ಕೆ ಅಂತರ ಹೆಜ್ಜೆಯಲ್ಲಿ ಅಳೆಯಿರಿ. ಅದು ಕೋವಿಯ ಗುರಿಯಳತೆಗಿಂತ ಹೆಚ್ಚಾದ ಕಡೆ ಸಾಮಾನ್ಯವಾಗಿ ಕೆಳಗೆ ಏಣಿ ನಿಲ್ಲಿಸಲಾಗದ ಕಡಿದಾದ ಬಂಡೆ ಇರುತ್ತದೆ.

ಈ ಕುರುಡು ಕೋನದ ಲೆಕ್ಕವನ್ನು ಕಡೆಗಣಿಸಿ ಒಂದು ಇಡೀ ಬ್ರಿಗೇಡ್ ಹಾಳಾದದ್ದು ತೀರ ಈಚಿನ ಮಾತು. 1994ರ ಡಿಸೆಂಬರ್ 31ರಂದು ರಷ್ಯದ ಟ್ಯಾಂಕುಗಳ ಸಾಲು ಚೆಚೆನ್ಯದ ರಾಜಧಾನಿ ಗ್ರೋಜ್ನಿಯೊಳಗೆ ಹೋಯಿತು. ಟಿ-72 ಟ್ಯಾಂಕಿನ ಫಿರಂಗಿ ಮೇಲಕ್ಕೆ ಏಳುವುದು ಸುಮಾರು 14 ಡಿಗ್ರಿ, ಕೆಳಕ್ಕೆ ಬಗ್ಗುವುದು ಸುಮಾರು 6 ಡಿಗ್ರಿ. ನಳಿಗೆ ನೆಲದಿಂದ 1.7 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. 10 ಮೀಟರ್ ಆಚೆಯ ಕಟ್ಟಡದಲ್ಲಿ ಅದು ಮುಟ್ಟುವುದು 4.2 ಮೀಟರಿನವರೆಗೆ, ಎಂದರೆ ಮೊದಲ ಮಹಡಿಯ ಕಿಟಕಿ. ಕೆಳಗೆ 16 ಮೀಟರಿನೊಳಗಿನ ನೆಲ ಅದಕ್ಕೆ ಸಿಗುವುದೇ ಇಲ್ಲ, ನೆಲಮಾಳಿಗೆಯಂತೂ ದೂರದ ಮಾತು. ಚೆಚೆನ್ನರು ನೆಲಮಾಳಿಗೆಯಲ್ಲೂ ಮೇಲಿನ ಮಹಡಿಗಳಲ್ಲೂ ಕೂತು, ಸಾಲಿನ ಮೊದಲ ಮತ್ತು ಕೊನೆಯ ವಾಹನ ಹೊಡೆದು ನಡುವಿನವನ್ನು ಕಟ್ಟಿಹಾಕಿದರು. ಮೈಕೋಪಿನ 131ನೇ ಬ್ರಿಗೇಡ್ ಅಲ್ಲಿ ನುಚ್ಚುನೂರಾಯಿತು. ಜೊತೆಗೆ ಇಳಿದು ನಡೆಯುವ ಪದಾತಿ ಸಾಕಷ್ಟು ಇರಲಿಲ್ಲ. ಆಮೇಲೆ ರಷ್ಯದವರು ವಿಮಾನ ಹೊಡೆಯಲೆಂದು ಮಾಡಿದ, ಆಕಾಶದ ಕಡೆಗೆ ನಳಿಗೆ ಎತ್ತಬಲ್ಲ ಗಾಡಿಗಳನ್ನು ಸಾಲಿನೊಳಗೆ ಸೇರಿಸಿದರು. ದುರ್ಗದ ಮೇಲಿನ ಬತೇರಿಗಳಲ್ಲೂ, ಎಂದರೆ ಫಿರಂಗಿ ಇಡುವ ಕಟ್ಟೆಗಳಲ್ಲೂ, ಇದೇ ತೊಡಕು ತಲೆಕೆಳಗಾಗಿ ಇದೆ. ನಳಿಗೆಯನ್ನು ಹೆಚ್ಚು ಬಗ್ಗಿಸಿದರೆ ಒಳಗಿನ ಗುಂಡೇ ಜಾರಿ ಉರುಳುತ್ತದೆ. ಮೇಲೆ ಬಟ್ಟೆಯೋ ನಾರೋ ಗಿಡಿಯಬೇಕು. ಬುಡಕ್ಕೆ ಬಂದವನಿಗೆ ಫಿರಂಗಿ ಏನೂ ಮಾಡದು. ಅಲ್ಲಿ ಕೆಲಸ ಕಲ್ಲು, ಕವಣೆ, ಕಾದ ಎಣ್ಣೆಯದು.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಗೋಡೆಯ ಕೆಳಗಿನ ಇಳಿಜಾರಿಗೆ ಹೋಗಬೇಕು. ಈ ಕೋಟೆ ಗೆಲ್ಲಲು ಹೈದರಾಲಿಗೆ ಏಕೆ ವರ್ಷಗಟ್ಟಲೆ ಹಿಡಿಯಿತು ಎಂಬುದಕ್ಕೆ ಉತ್ತರ ನೆಲದಲ್ಲೇ ಇದೆ. ಫಿರಂಗಿಯಿಂದ ಗೋಡೆ ಕೆಡವುವವನು ಕಂಡಕಂಡಲ್ಲಿ ಹೊಡೆಯುವುದಿಲ್ಲ. ಗೋಡೆಯ ಕೆಳಭಾಗದಲ್ಲಿ, ಮೂರರಲ್ಲಿ ಒಂದು ಪಾಲಿನ ಎತ್ತರಕ್ಕೆ, ಅಡ್ಡಲಾಗಿ ಸಾಲುಗುಂಡು ಹೊಡೆದು ಸೀಳುತ್ತಾನೆ. ಆಮೇಲೆ ಎರಡು ತುದಿಯಲ್ಲಿ ಮೇಲಕ್ಕೆ. ನಡುವಿನ ಗೋಡೆ ಮುಂದಕ್ಕೆ ಕುಸಿದು, ಬಿದ್ದ ಕಲ್ಲುಮಣ್ಣೇ ಹತ್ತಲು ಇಳಿಜಾರಾಗುತ್ತದೆ. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದಲ್ಲಿ ಹತ್ತಿದ್ದು ಇಂಥ ಇಳಿಜಾರನ್ನೇ. ದುರ್ಗದಲ್ಲಿ ಗೋಡೆ ನಿಂತಿರುವುದು ಓರೆಬಂಡೆಯ ಮೇಲೆ. ಕೆಡವಿದರೂ ಕಲ್ಲು ಅಲ್ಲಿ ನಿಲ್ಲದೆ ಕೆಳಗೆ, ಕೆಡವಿದವನ ಕಡೆಗೇ ಉರುಳುತ್ತದೆ. ಹಿಂದೆ ಬಂಡೆಯೇ ಇದ್ದ ಕಡೆ ಗೋಡೆ ಹೋದರೂ ಮೆಟ್ಟಿಲಾಗುವುದಿಲ್ಲ.

ಕಂದಕ ತೋಡಿಕೊಂಡು ಹತ್ತಿರ ಬರುವುದು ಇನ್ನೊಂದು ದಾರಿ. ಫ್ರಾನ್ಸಿನ ಕೋಟೆ ಎಂಜಿನಿಯರ್ ವೋಬಾನ್ 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಕೋಟೆಗೆ ಸಮಾನಾಂತರ ಕಂದಕಗಳನ್ನು ತೋಡಿ, ಅವನ್ನು ಅಂಕುಡೊಂಕು ಕಾಲುವೆಗಳಿಂದ ಜೋಡಿಸಿ, ಎರಡು ವಾರದೊಳಗೆ ಊರು ಹಿಡಿಸಿದ. ಆ ವಿದ್ಯೆಗೆ ಮಣ್ಣು ಬೇಕು. ಇಲ್ಲಿ ಗುದ್ದಲಿ ಒಂದು ಗೇಣು ಇಳಿದರೆ ಗ್ರಾನೈಟು. ಸುರಂಗ ತೋಡಿ ಮದ್ದು ತುಂಬುವ ಮಾತೂ ಅಷ್ಟೇ. ಮರೆ ಬೇಕೆಂದರೆ ಕೆಳಗಿನ ಹೊಲದಿಂದ ಮಣ್ಣಿನ ಚೀಲ, ಬುಟ್ಟಿ ಹೊರಿಸಬೇಕು. ಒಬ್ಬ ಆಳು ಮರೆಯಾಗಲು 40 ಕಿಲೋ ಚೀಲ ಹದಿನೈದಾದರೂ ಬೇಕಾಗುತ್ತದೆ. ಅಂಥ ಸಾವಿರ ಆಳಿಗೆ ಲೆಕ್ಕ ಹಾಕಿದರೆ 600 ಟನ್ ಮಣ್ಣನ್ನು ಗುಂಡಿನ ಕೆಳಗೆ ಬೆಟ್ಟ ಹತ್ತಿಸಿದ ಹಾಗೆ. ಅದರ ಮೇಲೆ ರಾತ್ರಿ ನಾಯಕನ ಬೇಡರ ಪಡೆ ಹೊರಬಿದ್ದು ಮೋರ್ಚೆಗಳ ಮೇಲೆ ಎರಗುತ್ತಿತ್ತು.

ಹೀಗೆ ಅಂಟಿಕೊಂಡು ಕಾದಾಡುವುದರ ಲಾಭವನ್ನು 1942ರ ಸ್ಟಾಲಿನ್‌ಗ್ರಾಡಿನಲ್ಲಿ ಸೋವಿಯತ್ 62ನೇ ಸೈನ್ಯದ ದಂಡನಾಯಕ ಚುಯ್ಕೋವ್ ನಿಯಮವನ್ನಾಗಿ ಮಾಡಿದ. ಎರಡು ಪಡೆಗಳ ನಡುವೆ ಕೈಬಾಂಬಿನ ಎಸೆತದಷ್ಟೇ ದೂರ ಇಟ್ಟುಕೋ, ಆಗ ಜರ್ಮನ್ ವಿಮಾನ ತನ್ನವರ ಮೇಲೇ ಬಾಂಬು ಹಾಕಬೇಕಾಗುತ್ತದೆ ಎಂಬುದು ಅವನ ಲೆಕ್ಕ. ಭಾರಿ ಆಯುಧ ಯಾರ ಕೈಯಲ್ಲಿ ಹೆಚ್ಚಿದೆಯೋ ಅವನಿಗೆ ದೂರ ಬೇಕು, ಇಲ್ಲದವನಿಗೆ ಸಮೀಪ ಬೇಕು.

ಸಂಜೆ ಏಕನಾಥೇಶ್ವರಿಯ ಗುಡಿಯವರೆಗೆ ಹೋಗಿ ಇಳಿದರೆ ಸಾಕು. ಝಂಡಾ ಬತೇರಿ, ತುಪ್ಪದ ಕೊಳದ ಕಡೆ ಬಂಡೆಯಲ್ಲಿ ಕಾಲೂರಲು ಕೊರೆದ ಗುಳಿಗಳ ಹಾದಿಯನ್ನು ದಣಿದ ಕಾಲಲ್ಲಿ ಹತ್ತಬಾರದು. ಹತ್ತುವುದು ಸುಲಭ, ಇಳಿಯುವಾಗ ಗುಳಿ ಕಾಣುವುದಿಲ್ಲ.

ಮೂರನೇ ದಿನ: ನೀರು

ಇವತ್ತು ಗೋಡೆ ಬಿಟ್ಟು ನೀರು ಹಿಡಿದು ನಡೆಯಬೇಕು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕ ತಂಗಿ ಹೊಂಡ. ಅಲ್ಲಿಂದ ತಣ್ಣೀರು ದೋಣಿ (ದೋಣಿ ಎಂದರೆ ಬಂಡೆಯ ನಡುವಿನ ನೀರುಗುಳಿ), ಓಬವ್ವನ ಕಿಂಡಿಯ ಕಡೆಯಿಂದ ಇಳಿದು ಸಿಹಿನೀರು ಹೊಂಡ, ಕೊನೆಗೆ ಮೊದಲ ದಿನ ಕಂಡ ಸಂತೆ ಹೊಂಡ. ಒಂದರ ಕೋಡಿ ಇನ್ನೊಂದರ ಒಳಹರಿವು.

ಲೆಕ್ಕ ಮಾಡಿ ನೋಡಿದರೆ ಈ ಹೊಂಡಗಳ ಬೆಲೆ ತಿಳಿಯುತ್ತದೆ. ಮುತ್ತಿಗೆಯಲ್ಲಿ ಒಳಗೆ 10,000 ಜನ ಎನ್ನೋಣ. ಕುಡಿಯಲು, ಮುದ್ದೆ ಬೇಯಿಸಲು ತಲೆಗೆ ದಿನಕ್ಕೆ 4 ಲೀಟರ್. ಸ್ನಾನ, ದನ, ಕುದುರೆ ಇದರಲ್ಲಿ ಸೇರಿಲ್ಲ. ದಿನಕ್ಕೆ 40,000 ಲೀಟರ್, ಆರು ತಿಂಗಳಿಗೆ 72 ಲಕ್ಷ ಲೀಟರ್. 60 ಮೀಟರ್ ಉದ್ದ, 40 ಮೀಟರ್ ಅಗಲ, 3 ಮೀಟರ್ ಆಳದ ಒಂದು ಹೊಂಡ ಇಷ್ಟನ್ನು ಹಿಡಿಯುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೂ ಮೂರು ತಿಂಗಳಲ್ಲಿ ಅರ್ಧ ಮೀಟರಿಗಿಂತ ಹೆಚ್ಚು ನೀರು ಬಿಸಿಲಿಗೇ ಹೋಗುತ್ತದೆ. ಅಗಲದ ಹೊಂಡಕ್ಕಿಂತ ಬಂಡೆಯ ನೆರಳಿನ ಆಳದ ದೋಣಿ ಮೇಲು ಎನ್ನುವುದು ಇದಕ್ಕೇ. ತುಂಬುವ ಲೆಕ್ಕವೂ ಇದೆ. ಇಲ್ಲಿನ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಮಣ್ಣಿನಲ್ಲಾದರೆ ಬಹುಪಾಲು ಇಂಗಿಹೋಗುತ್ತದೆ. ಬರಿ ಬಂಡೆಯ ಮೇಲೆ ಐದರಲ್ಲಿ ನಾಲ್ಕು ಪಾಲು ಹರಿದು ಬಂದರೆ ಒಂದು ಹೆಕ್ಟೇರ್ ಬಂಡೆಯಿಂದ 48 ಲಕ್ಷ ಲೀಟರ್. ಶತ್ರುವಿಗೆ ಮೋರ್ಚೆ ತೋಡಗೊಡದ ಬಂಡೆಯೇ ಒಳಗಿನವರಿಗೆ ನೀರು ಹಿಡಿದುಕೊಡುತ್ತದೆ.

ಕೆಡುವುದು ಹೇಗೆ? ಗುಂಡಿನಿಂದಲ್ಲ. ಹೊಂಡದ ಮೇಲ್ಗಡೆ ಜನ ವಾಸ ಮಾಡಿದರೆ, ದನ ಕಟ್ಟಿದರೆ, ಮೊದಲ ಮಳೆಗೆ ಅದೆಲ್ಲ ಹೊಂಡಕ್ಕೆ. ಮುತ್ತಿಗೆಯ ಊರುಗಳಲ್ಲಿ ಭೇದಿ, ಜ್ವರ ಹೊಡೆದಷ್ಟು ಜನರನ್ನು ಫಿರಂಗಿ ಹೊಡೆದಿಲ್ಲ, ಹೊರಗಿನ ಪಾಳೆಯದಲ್ಲೂ ಅಷ್ಟೇ.

ಧಾನ್ಯಕ್ಕೆ ಕಣಜಗಳಿವೆ. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಗಾಳಿಯಾಡದಂತೆ ಮುಚ್ಚಿದರೆ ವರ್ಷಗಟ್ಟಲೆ ಹುಳ ಹತ್ತದು. ಅಕ್ಕಿ ತಿನ್ನುವ ಸೈನ್ಯಕ್ಕೆ ಈ ಅನುಕೂಲವಿಲ್ಲ. ತಲೆಗೆ ದಿನಕ್ಕೆ 600 ಗ್ರಾಂ ಎಂದರೆ ಅದೇ 10,000 ಜನಕ್ಕೆ ಆರು ತಿಂಗಳಿಗೆ 10,800 ಕ್ವಿಂಟಲ್. ಮುದ್ದೆಗೆ ಸೌದೆಯೂ ಬೇಕು ಎಂಬುದನ್ನು ಮುತ್ತಿಗೆಯ ಬಗ್ಗೆ ಬರೆಯುವವರು ಬಹುತೇಕ ಮರೆಯುತ್ತಾರೆ. ಸಿಡಿಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳು ಕೋಟೆಯೊಳಗೆ ಹಾಗೇ ಇವೆ, ಒಂದು ಗುಂಡಿಯೊಳಗೆ ನಾಲ್ಕು. ಆನೆಯೋ ಕೋಣವೋ ತಿರುಗಿಸುತ್ತಿತ್ತು ಎನ್ನುತ್ತಾರೆ. ಪೆಟ್ಲುಪ್ಪು, ಗಂಧಕ, ಇದ್ದಿಲನ್ನು ಬೆರೆಸಿ ಒಣಗಿದ್ದಂತೆ ಅರೆದರೆ ಒಂದು ಕಿಡಿ ಸಾಕು. ನೀರು ಚಿಮುಕಿಸಿ ಅರೆದು, ಆಮೇಲೆ ಒಣಗಿಸುವುದು ರೂಢಿ.

ಇನ್ನು ಓಬವ್ವನ ಕಿಂಡಿ. ಕಾವಲುಗಾರ ಮುದ್ದಹನುಮ ಊಟಕ್ಕೆ ಕೂತಾಗ, ನೀರಿಗೆ ಬಂದ ಹೆಂಡತಿ ಓಬವ್ವ ಹೈದರಾಲಿಯ ಸಿಪಾಯಿಗಳು ಕಿಂಡಿಯಲ್ಲಿ ನುಸುಳುವುದನ್ನು ಕಂಡು ಒನಕೆ ಎತ್ತಿದ ಕಥೆ ಎಲ್ಲರಿಗೂ ಬರುತ್ತದೆ. ಕಿಂಡಿಯ ಮುಂದೆ ನಿಂತು ಅಳೆದು ನೋಡಿದರೆ ಕಥೆಯ ಒಂದೊಂದು ವಿವರವೂ ಯುದ್ಧದ ಲೆಕ್ಕಕ್ಕೆ ಸರಿಹೊಂದುತ್ತದೆ. ಒಂದು ಸಲಕ್ಕೆ ಒಬ್ಬನೇ, ಅದೂ ಬಗ್ಗಿ, ತಲೆ ಮುಂದು ಮಾಡಿ ಬರಬೇಕು. ಕೈಗಳು ಬಂಡೆ ಹಿಡಿದಿರುತ್ತವೆ, ಕತ್ತಿ ಒರೆಯಲ್ಲೇ ಇರುತ್ತದೆ. ಹೊರಗೆ ನೂರು ಜನ ಇರಲಿ ಸಾವಿರ ಇರಲಿ, ಕಿಂಡಿಯ ಬಾಯಲ್ಲಿ ಕಾಳಗ ಒಬ್ಬರಿಗೆ ಒಬ್ಬರದೇ. ಬೀಸಲು ಜಾಗವಿಲ್ಲದ ಕಡೆ ಕತ್ತಿಗಿಂತ ಮೇಲಿನಿಂದ ನೇರ ಕುಟ್ಟುವ ಒನಕೆ ವಾಸಿ. ಆ ಕೈಗೆ ಅದು ದಿನಾ ಅಭ್ಯಾಸವಾದ ಚಲನೆ. ಹೆಣವನ್ನು ಪಕ್ಕಕ್ಕೆ ಎಳೆದು ಹಾಕಿದ್ದು ಎಲ್ಲಕ್ಕಿಂತ ಮುಖ್ಯ. ಎಳೆಯದಿದ್ದರೆ ಕಿಂಡಿ ಕಟ್ಟಿಕೊಳ್ಳುತ್ತಿತ್ತು, ಹಿಂದಿನವನಿಗೆ ಮುಂದಿನವನ ಗತಿ ತಿಳಿದುಹೋಗುತ್ತಿತ್ತು. ಕಿಂಡಿಯನ್ನು ಮುಚ್ಚಲು ಆಗುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ನೀರೂ ಗುಪ್ತವಾಗಿ ಜನರೂ ಓಡಾಡುವ ದಾರಿಯನ್ನು ಮುಚ್ಚಿದರೆ ಒಳಗಿನವರೇ ಕುರುಡಾಗುತ್ತಾರೆ. 1944ರಲ್ಲಿ 63 ದಿನ ಕಾದಾಡಿದ ವಾರ್ಸಾದ ಬಂಡುಕೋರರು ಕೊಳಚೆ ಕಾಲುವೆಗಳನ್ನು ಹೀಗೇ ಇಟ್ಟುಕೊಂಡಿದ್ದರು, ಸುದ್ದಿಗೂ ಗಾಯಾಳುಗಳಿಗೂ. ಜರ್ಮನ್ನರಿಗೆ ಆ ಬಾಯಿಗಳು ಗೊತ್ತಾದ ಮೇಲೆ ಅದೇ ಕಾಲುವೆಗಳು ಬೋನಾದವು.

ಇಷ್ಟೆಲ್ಲ ಇದ್ದೂ 1779ರಲ್ಲಿ ದುರ್ಗ ಹೋಯಿತು. 1760ರ ದಶಕದಿಂದ ಬಂದು ಬಂದು ಹೋದ ಹೈದರಾಲಿಗೆ ಪರ್ಯುಪಾಸನವೂ ಫಲಿಸಲಿಲ್ಲ, ಅವಮರ್ದವೂ ಫಲಿಸಲಿಲ್ಲ. ಕೊನೆಗೆ ಕೆಲಸ ಮಾಡಿದ್ದು ಕೌಟಿಲ್ಯನ ಪಟ್ಟಿಯ ಮೊದಲನೆಯದು, ಉಪಜಾಪ: ನಾಯಕನ ಪಡೆಯೊಳಗಿದ್ದ ಒಂದು ಭಾಗವನ್ನು ಒಡೆದುಕೊಂಡ. ಬಾಗಿಲಿನ ಯಾವ ತಿರುವೂ ಒಳಗಿನಿಂದ ತೆಗೆದ ಅಗುಳಿಗೆ ಉತ್ತರವಲ್ಲ. ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಅವನೊಡನೆ ಬೇಡರ ಸಂಸಾರಗಳನ್ನೂ ಸಾವಿರ ಸಾವಿರ ಸಂಖ್ಯೆಯಲ್ಲಿ, 20,000 ಎಂದು ಬರೆಯುವುದುಂಟು, ಕಿತ್ತು ಸಾಗಿಸಿದರು. ಹುಡುಗರನ್ನು ಚೇಲಾ ಪಡೆಗೆ, ಎಂದರೆ ಸೆರೆಯಾದ ಹುಡುಗರಿಂದಲೇ ಕಟ್ಟಿದ ಪಡೆಗೆ, ಸೇರಿಸಿದರು. ಹೈದರಾಲಿ ಕೋಟೆಯನ್ನು ಕೆಡವಲಿಲ್ಲ, ಮೇಲೆ ಇನ್ನಷ್ಟು ಕಟ್ಟಿದ. ಅಪಾಯ ಕಲ್ಲಿನಲ್ಲಿಲ್ಲ, ಜನರಲ್ಲಿದೆ ಎಂದು ಅವನಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

ನಾಲ್ಕನೇ ದಿನ: ಬಯಲು

ಬೆಳಿಗ್ಗೆ ಮಾಯಕೊಂಡ. ದಾವಣಗೆರೆ ಜಿಲ್ಲೆಯ ಊರು, ರೈಲು ನಿಲ್ದಾಣವಿದೆ. ನೋಡಲು ಹೆಚ್ಚೇನಿಲ್ಲ, ಹೊಲ, ಸಮತಟ್ಟು ಬಯಲು. ನೋಡಬೇಕಾದದ್ದೂ ಅದೇ. 1748ರಲ್ಲಿ ಹಿರಿಯ ಮದಕರಿ ನಾಯಕ ಬಿದನೂರು ಸಂಸ್ಥಾನ ಮತ್ತು ಅದರ ಜೊತೆಗಾರರ ವಿರುದ್ಧ ಕಾದಾಡಿ ಸತ್ತದ್ದು ಇಲ್ಲಿ. ಹಿಂದೆ ಅಷ್ಟು ದೊಡ್ಡ ದುರ್ಗ ಇದ್ದವನು ಬಯಲಿಗೆ ಬಂದ. ಅವನನ್ನು ಬೈಯುವುದು ಸುಲಭ. ಆದರೆ ಕೋಟೆಯೊಳಗೆ ಕೂತ ನಾಯಕನಿಗೆ ಹಳ್ಳಿಗಳ ಕಂದಾಯ ಬಾರದು, ಸುಗ್ಗಿ ಶತ್ರುವಿನ ಪಾಲಾಗುತ್ತದೆ, ಮಿತ್ರರು ಬೇರೆ ಕಡೆ ನೋಡುತ್ತಾರೆ. ಒಳಗಿರುವವನನ್ನು ಹೊರಗೆಳೆಯುವ ವಾಮನ ಎಂಬ ಉಪಾಯ ನಿಂತಿರುವುದು ಇದರ ಮೇಲೆಯೇ. ಬಯಲಲ್ಲಿ ನಿಂತು ನಾಲ್ಕು ದಿಕ್ಕಿಗೆ ನೋಟದ ಅಳತೆ ತೆಗೆದು, ಮೊದಲ ದಿನ ಓಣಿಯಲ್ಲಿ ಬರೆದ ಮೂವತ್ತು ನಲವತ್ತು ಮೀಟರಿನ ಪಕ್ಕದಲ್ಲಿ ಬರೆದಿಟ್ಟರೆ ಇಲ್ಲಿನ ಕೆಲಸ ಮುಗಿಯಿತು.

ದಾವಣಗೆರೆಗೆ ಬಂದು ಬೆಣ್ಣೆ ದೋಸೆ ತಿಂದು ಹೊರಟರೆ ಮಧ್ಯಾಹ್ನಕ್ಕೆ ಉಚ್ಚಂಗಿದುರ್ಗ. ಈಗ ವಿಜಯನಗರ ಜಿಲ್ಲೆ, ಹರಪನಹಳ್ಳಿ ತಾಲ್ಲೂಕು. ಜನರ ಓಡಾಟವೆಲ್ಲ ದಾವಣಗೆರೆಯ ಕಡೆಗೇ. ಉಚ್ಚಂಗಿಯ ಪಾಂಡ್ಯರ ಹಳೆಯ ಕೋಟೆ, ದುರ್ಗದ ನಾಯಕರ ಮನೆದೇವತೆಯ ಮೂಲಸ್ಥಾನ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಬಿಟ್ಟುಹೋದದ್ದನ್ನು ವೀರಬಲ್ಲಾಳ ಲೀಲಾಜಾಲವಾಗಿ ಹಿಡಿದ ಎಂದು ಹೊಯ್ಸಳ ಶಾಸನ ಹೊಗಳುತ್ತದೆ. ಹನ್ನೆರಡು ಎಂಬುದು ಹೊಗಳುಭಟರಿಗೆ ಪ್ರಿಯವಾದ ಸಂಖ್ಯೆ, ಅದನ್ನು ಹಾಗೇ ನಂಬಬೇಕಿಲ್ಲ. ಹತ್ತುವ ದಾರಿಯಲ್ಲಿ ನೋಡಬೇಕಾದದ್ದು ಒಂದು: ಚಿತ್ರದುರ್ಗದಲ್ಲಿ ಹಲವು ಬೆಟ್ಟಗಳನ್ನು ಗೋಡೆಯಿಂದ ಹೊಲಿದಿದ್ದಾರೆ, ಇಲ್ಲಿ ಒಂದೇ ಬೆಟ್ಟ. ಕಾಯಬೇಕಾದ ಸುತ್ತಳತೆ ಕಡಿಮೆ, ಆಳು ಕಡಿಮೆ ಸಾಕು. ಆದರೆ ಒಂದು ಬಾಗಿಲು ಹೋದರೆ ಹಿಂದೆ ಸರಿದು ನಿಲ್ಲಲು ಇನ್ನೊಂದು ಬೆಟ್ಟವಿಲ್ಲ. ಭರತ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಹೋದರೆ ಜನಜಂಗುಳಿಯಲ್ಲಿ ಟೇಪು ಬಿಚ್ಚಲೂ ಆಗದು. ಬೇರೆ ವಾರದ ದಿನ ಆರಿಸಿಕೊಳ್ಳಿ, ವಾಪಸು ಬಸ್ಸಿನ ವೇಳೆಯನ್ನು ಬೆಟ್ಟ ಹತ್ತುವ ಮೊದಲೇ ಕೆಳಗಿನ ಅಂಗಡಿಯಲ್ಲಿ ಕೇಳಿಕೊಳ್ಳಿ.